ಮೂಳೆ ಆಪರೇಷನ್ ಹೆಣ್ಣುಮಕ್ಕಳಿಂದ ಆಗಲ್ವಾ, ಮೇಡಂ?

ಪ್ರಶ್ನೆ: ಮೇಡಂ, ನಾನು ಮೆಡಿಕಲ್ ಓದು ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಆರ್ಥೋಪೆಡಿಕ್ಸ್ ಪೋಸ್ಟಿಂಗ್‌ನಲ್ಲಿ ಸಿಕ್ಕಷ್ಟು ಖುಷಿ ನನಗೆ ಬೇರೆ ಯಾವ ವಿಭಾಗದಲ್ಲೂ ಸಿಗಲಿಲ್ಲ. ಮುರಿದ ಮೂಳೆಯ ಎಕ್ಸ್‌ರೇ, ಕೂಡಿಸಿದ ಮೇಲಿನ ಎಕ್ಸ್‌ರೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಇದೇ ನನ್ನ ಕೆಲಸ ಅನ್ನಿಸಿತು. ಆದರೆ ಯೂನಿಟ್‌ನ ಹಿರಿಯ ಸರ್ ಒಬ್ಬರು, "ಇದು ತೋಳಲ್ಲಿ ಬಲ ಇರೋರ ಕೆಲಸ ಕಣಮ್ಮ. ನೀನು ಚೆನ್ನಾಗಿ ಓದ್ತೀಯ, ಸ್ಕಿನ್ನೋ ರೇಡಿಯಾಲಜಿನೋ ತಗೋ. ನಾಳೆ ಮಕ್ಕಳು ಮರಿ ಅಂತ ಆದ್ಮೇಲೆ ಕಷ್ಟ ಆಗುತ್ತೆ" ಎಂದರು. ಅವರು ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನಿರುವುದು ಐದಡಿ ಒಂದಿಂಚು. ನಿಜವಾಗಿಯೂ ಬಲ ಬೇಕಾ? ಬಸುರಿಯಾದಾಗ ಎಕ್ಸ್‌ರೇ ನಡುವೆ ಕೆಲಸ ಮಾಡಬಹುದಾ? ಸಮಾಧಾನಕ್ಕೆ ಅಂತ ಏನೂ ಹೇಳಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಉತ್ತರ: ನಿಮ್ಮ ಎತ್ತರದಿಂದಲೇ ಶುರು ಮಾಡುತ್ತೇನೆ. ನಾನು ನಿಮಗಿಂತ ಒಂದಿಂಚು ಕಡಿಮೆಯೇ ಇದ್ದೇನೆ. ಇಪ್ಪತ್ತಾರು ವರ್ಷಗಳಿಂದ ಮೂಳೆ ಆಪರೇಷನ್ ಮಾಡುತ್ತಿದ್ದೇನೆ. ನನ್ನ ಓಟಿಯಲ್ಲಿ ಸ್ಟೀಲಿನ ಒಂದು ಫುಟ್‌ಸ್ಟೂಲ್ ಇದೆ. ಆಪರೇಷನ್ ಟೇಬಲ್ ನನ್ನ ಮೊಣಕೈ ಮಟ್ಟಕ್ಕೆ ಬರುವ ಹಾಗೆ ಇಳಿಸುತ್ತೇವೆ, ಅದಕ್ಕಿಂತ ಇಳಿಯದಿದ್ದರೆ ನಾನು ಸ್ಟೂಲ್ ಹತ್ತುತ್ತೇನೆ. ಎತ್ತರದ ಸಮಸ್ಯೆ ಅಲ್ಲಿಗೆ ಮುಗಿಯಿತು. ಟೇಬಲ್ ಇಳಿಸಿ ಅಂತ ಕೇಳಲು ನನಗೆ ಎರಡು ವರ್ಷ ಸಂಕೋಚವಿತ್ತು. ಆ ಎರಡು ವರ್ಷ ಭುಜ ಎತ್ತಿಕೊಂಡೇ ಕೆಲಸ ಮಾಡಿ ಕುತ್ತಿಗೆ ನೋವು ತರಿಸಿಕೊಂಡೆ. ನೀವು ಮೊದಲ ದಿನವೇ ಕೇಳಿ.

ಈಗ ಬಲದ ವಿಷಯ. ತರಬೇತಿಯ ಮೊದಲ ವರ್ಷದ ಒಂದು ರಾತ್ರಿ ಎರಡು ಗಂಟೆಗೆ ಅಪಘಾತದ ಕೇಸ್ ಬಂತು. ತೊಡೆಯ ಮೂಳೆಯ ತಲೆ ಸೊಂಟದ ಕೀಲಿನಿಂದ ಹಿಂದಕ್ಕೆ ಜಾರಿತ್ತು. ಇದನ್ನು ಬೇಗ ಒಳಗೆ ಕೂರಿಸಬೇಕು. ಆರು ಗಂಟೆ ಮೀರಿದಷ್ಟೂ ಆ ತಲೆಗೆ ರಕ್ತ ಹೋಗದೆ ಮೂಳೆ ಸಾಯುವ ಅಪಾಯ ಹೆಚ್ಚುತ್ತದೆ. ನನ್ನ ಜೊತೆಯ ಇಬ್ಬರು ಹುಡುಗರು, ಇಬ್ಬರೂ ಆರಡಿ ಹತ್ತಿರದವರು, ಕಾಲು ಹಿಡಿದು ಎಳೆದರು. ಬೆವರು ಸುರಿಯಿತು, ಕೀಲು ಕೂರಲಿಲ್ಲ. ಅಷ್ಟರಲ್ಲಿ ಸೀನಿಯರ್ ಬಂದರು. ಮೊದಲು ಇಬ್ಬರಿಗೂ ಕೈ ಬಿಡಲು ಹೇಳಿದರು. ಅನಸ್ತೇಷಿಯಾ ಡಾಕ್ಟರ ಕಡೆ ತಿರುಗಿ, "ಇನ್ನೂ ಸ್ವಲ್ಪ ರಿಲ್ಯಾಕ್ಸ್ ಮಾಡಿ" ಎಂದರು. ಆಮೇಲೆ ನನ್ನನ್ನು ಕರೆದರು.

ರೋಗಿಯ ಸೊಂಟಕ್ಕೆ ಬೆಲ್ಟ್ ಸುತ್ತಿ ಟೇಬಲ್‌ಗೆ ಬಿಗಿದೆವು. ನಾನು ಒಂದು ಪಾದವನ್ನು ಟೇಬಲ್ ಮೇಲಿಟ್ಟು ನನ್ನ ಮಂಡಿಯನ್ನು ಅವರ ಮಡಚಿದ ಮಂಡಿಯ ಕೆಳಗೆ ಸೇರಿಸಿದೆ. ಒಂದು ಕೈಯಲ್ಲಿ ಅವರ ಹಿಮ್ಮಡಿ ಹತ್ತಿರ ಹಿಡಿದೆ. "ಎಳೀಬೇಡ. ನಿನ್ನ ಹಿಮ್ಮಡಿ ಎತ್ತು, ಅಷ್ಟೇ" ಎಂದರು ಸೀನಿಯರ್. ನಾನು ತುದಿಗಾಲಲ್ಲಿ ನಿಲ್ಲುವ ಹಾಗೆ ನಿಧಾನವಾಗಿ ಹಿಮ್ಮಡಿ ಎತ್ತಿದೆ. ಅವರ ತೊಡೆ ಮೇಲಕ್ಕೆ ಎದ್ದಿತು. ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ತಿರುಗಿಸಿದೆ. ದಡಕ್ ಅಂತ ಒಂದು ಸದ್ದು. ಕೈಗೆ ಗೊತ್ತಾಯಿತು, ಕೀಲು ಕೂತಿತು. ಇಡೀ ಕೆಲಸಕ್ಕೆ ಒಂದು ನಿಮಿಷವೂ ಹಿಡಿದಿರಲಿಲ್ಲ.

ಆ ರಾತ್ರಿ ಕಲಿತದ್ದನ್ನು ನಾನು ಇವತ್ತಿಗೂ ಹೊಸಬರಿಗೆ ಹೇಳಿಕೊಡುತ್ತೇನೆ. ಕೀಲು ಕೂರದಿದ್ದರೆ ಅಡ್ಡ ಬರುತ್ತಿರುವುದು ಹೆಚ್ಚಾಗಿ ಬಿಗಿದ ಸ್ನಾಯು. ಸ್ನಾಯು ಸಡಿಲಾದರೆ, ಸನ್ನೆಕೋಲಿನ ಹಾಗೆ ಸರಿಯಾದ ಕಡೆ ಆನಿಸಿ ಎತ್ತಿದರೆ ಸಾಕು. ಭುಜ ಜಾರಿದಾಗಲೂ ಅಷ್ಟೇ. ರೋಗಿಯನ್ನು ಬೋರಲು ಮಲಗಿಸಿ ಕೈಯನ್ನು ಟೇಬಲ್‌ನಿಂದ ಕೆಳಗೆ ಇಳಿಬಿಟ್ಟು ಮಣಿಕಟ್ಟಿಗೆ ತೂಕ ಕಟ್ಟುವ ವಿಧಾನ ಇದೆ. ಅಲ್ಲಿ ಎಳೆಯುವವರೇ ಇರಲ್ಲ, ತೂಕ ತನ್ನ ಪಾಡಿಗೆ ಕೆಲಸ ಮಾಡುತ್ತದೆ.

ಡ್ರಿಲ್ ವಿಷಯದಲ್ಲಂತೂ ಬಲ ಹಾಕುವುದೇ ತಪ್ಪು. ಜೋರಾಗಿ ಒತ್ತಿದರೆ ಬಿಟ್ ಆಚೆ ಕಡೆಯ ಮೂಳೆ ದಾಟಿ ಒಳಗೆ ನುಗ್ಗುತ್ತದೆ. ಅಲ್ಲಿ ರಕ್ತನಾಳ ಇರುತ್ತದೆ, ನರ ಇರುತ್ತದೆ. ಮೊಂಡಾದ ಬಿಟ್ ಇಟ್ಟುಕೊಂಡು ಒತ್ತಿದರೆ ಮೂಳೆ ಕಾಯುತ್ತದೆ. ಮೂಳೆಯ ಬಿಸಿ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ನಿಂತರೂ ಆ ಜಾಗದ ಜೀವಕೋಶಗಳಿಗೆ ಪೆಟ್ಟು. ಆಮೇಲೆ ಅಲ್ಲಿ ಸ್ಕ್ರೂ ಸಡಿಲಾಗುತ್ತದೆ. ಹರಿತವಾದ ಬಿಟ್ ಹಾಕಿ, ಮೇಲೆ ಸಲೈನ್ ಬಿಡುತ್ತಾ, ಎರಡೂ ಕೈಯಲ್ಲಿ ಡ್ರಿಲ್ ಹಿಡಿದು ಅದರ ಪಾಡಿಗೆ ಅದನ್ನು ಹೋಗಲು ಬಿಡಬೇಕು. ಸುತ್ತಿಗೆಯೂ ಹಾಗೇ. ಸ್ವಲ್ಪ ಭಾರದ ಸುತ್ತಿಗೆ ತಗೊಂಡು ಹಿಡಿಯ ತುದಿಯಲ್ಲಿ ಹಿಡಿದರೆ ಏಟು ತಾನಾಗಿ ಬೀಳುತ್ತದೆ.

ಇದ್ದದ್ದು ಇದ್ದ ಹಾಗೆ ಹೇಳಿ ಎಂದಿರಿ. ಹಾಗಾದರೆ ಇದನ್ನೂ ಹೇಳಬೇಕು: ಮೈ ದಣಿಯುತ್ತದೆ. ಒಂದು ಕಾಲಿನ ತೂಕ ದೇಹದ ತೂಕದ ಆರನೇ ಒಂದು ಭಾಗದಷ್ಟು. ಎಂಬತ್ತು ಕಿಲೋ ಮನುಷ್ಯನ ಕಾಲು ಅಂದರೆ ಹದಿಮೂರು ಕಿಲೋ. ಅದಕ್ಕೆ ಸೋಂಕು ತಡೆಯುವ ಔಷಧಿ ಬಳಿಯುವಷ್ಟು ಹೊತ್ತು ಎತ್ತಿ ಹಿಡಿಯುವುದು ಯಾರಿಗೂ ಸುಲಭವಲ್ಲ. ಎಕ್ಸ್‌ರೇ ತಡೆಯುವ ಸೀಸದ ಲೆಡ್ ಏಪ್ರನ್ ಹಾಕಿಕೊಂಡು ನಾಲ್ಕು ಗಂಟೆ ನಿಂತರೆ ಬೆನ್ನು ಹಿಡಿಯುತ್ತದೆ. ಇದು ಹೆಂಗಸರಿಗೆ ಮಾತ್ರ ಬರುವ ನೋವಲ್ಲ. ಬೆನ್ನು ಕೆಟ್ಟು ಆಪರೇಷನ್ ಬಿಟ್ಟ ಗಂಡಸರನ್ನು ನಾನೇ ನೋಡಿದ್ದೇನೆ. ಲೆಗ್ ಹೋಲ್ಡರ್ ಬಳಸಿ. ವಾರಕ್ಕೆ ಮೂರು ದಿನ ಬೆನ್ನು, ಭುಜ, ತೊಡೆಗೆ ವ್ಯಾಯಾಮ ಮಾಡಿ. ಇದಕ್ಕಿಂತ ಹೆಚ್ಚು ಏನೂ ಬೇಕಿಲ್ಲ.

ಹಾಗಾದರೆ ಈ ವಿಭಾಗದಲ್ಲಿ ಹೆಣ್ಣುಮಕ್ಕಳಿಗೆ ಕಷ್ಟವೇ ಇಲ್ಲವಾ? ಇದೆ. ಆದರೆ ಅದು ನಿಮ್ಮ ಸರ್ ಹೇಳಿದ ಜಾಗದಲ್ಲಿಲ್ಲ. ನನ್ನ ಉತ್ತರದ ಮುಖ್ಯ ಭಾಗ ಇದು, ನಿಧಾನವಾಗಿ ಓದಿ.

ತರಬೇತಿಯ ಮೂರನೇ ವರ್ಷದಲ್ಲಿ ಪರೀಕ್ಷೆಗೆ ಅಂತ ಲಾಗ್‌ಬುಕ್, ಅಂದರೆ ನಾವು ಮಾಡಿದ ಕೇಸ್‌ಗಳನ್ನು ಬರೆದಿಡುವ ಪುಸ್ತಕ, ಸರಿಮಾಡಲು ಕೂತೆ. ಜೊತೆಗಾರ ಒಬ್ಬ ತನ್ನದನ್ನು ನನ್ನ ಪಕ್ಕದಲ್ಲೇ ತೆರೆದಿಟ್ಟಿದ್ದ. ಇಬ್ಬರೂ ಒಂದೇ ಯೂನಿಟ್, ಒಂದೇ ಡ್ಯೂಟಿ ಪಟ್ಟಿ. ಸೊಂಟದ ಮೂಳೆ ಮುರಿತದ ಪುಟಕ್ಕೆ ಬಂದೆವು. ಅವನ ಪುಟದಲ್ಲಿ "ತಾನೇ ಮಾಡಿದ್ದು" ಎಂಬ ಸಾಲುಗಳು ನನ್ನದರ ನಾಲ್ಕು ಪಟ್ಟು ಇದ್ದವು. ನನ್ನ ಪುಟದ ತುಂಬ "ಅಸಿಸ್ಟ್ ಮಾಡಿದ್ದು". ನಾನು ಬಹಳ ಹೊತ್ತು ಆ ಎರಡು ಪುಟಗಳನ್ನೇ ನೋಡುತ್ತಾ ಕೂತಿದ್ದೆ. ಯಾರೂ ನನಗೆ "ನೀನು ಮಾಡಬೇಡ" ಅಂದಿರಲಿಲ್ಲ. ಯಾರೂ ಅವಮಾನ ಮಾಡಿರಲಿಲ್ಲ. ಕೇಸ್ ಶುರುವಾಗುವಾಗ ಅವನಿಗೆ "ಬಾರೋ, ಈ ಕಡೆ ನಿಲ್ಲು" ಎನ್ನುತ್ತಿದ್ದರು. ನನಗೆ "ಅಮ್ಮಾ, ನೀನು ಕೇಸ್ ಶೀಟ್ ಚೆನ್ನಾಗಿ ಬರೀತೀಯ, ವಾರ್ಡ್ ನೋಡ್ಕೋ" ಎನ್ನುತ್ತಿದ್ದರು. ಅದನ್ನು ನಾನು ಹೊಗಳಿಕೆ ಅಂತ ತಿಳಿದು ಖುಷಿಪಟ್ಟಿದ್ದೆ. ಮೂರು ವರ್ಷ ನನ್ನ ಕೈಗೆ ಬರಬೇಕಾದ ಕೇಸ್‌ಗಳು ಹಾಗೆ ಮೆಲ್ಲಗೆ ಬೇರೆ ಕೈಗೆ ಹೋಗಿದ್ದವು.

ಸರ್ಜರಿ ಕೈಯಿಂದ ಕಲಿಯುವ ವಿದ್ಯೆ. ಯಾರ ಕೈಗೆ ಎಷ್ಟು ಕೇಸ್ ಬಂತು ಅನ್ನುವುದರ ಮೇಲೇ ಎಲ್ಲವೂ ನಿಂತಿದೆ. ಕೇಸ್ ಕಡಿಮೆ ಸಿಕ್ಕವಳಿಗೆ ಕೈ ಅಳುಕುತ್ತದೆ. ಕೈ ಅಳುಕಿದ್ದು ನೋಡಿ ಸೀನಿಯರ್ ಇನ್ನೂ ಕಡಿಮೆ ಕೊಡುತ್ತಾರೆ. ಕೊನೆಗೆ "ನೋಡಿ, ಹೆಣ್ಣುಮಕ್ಕಳಿಗೆ ಧೈರ್ಯ ಸಾಲಲ್ಲ" ಎಂಬ ಮಾತು ಹುಟ್ಟುತ್ತದೆ. ಈ ಸುತ್ತು ಶುರುವಾಗುವ ಮೊದಲೇ ಅದನ್ನು ಮುರಿಯಬೇಕು.

ನಾನು ಮುರಿದದ್ದು ಹೇಗೆ ಅಂತ ಹೇಳುತ್ತೇನೆ. "ಸರ್, ನನಗೂ ಕೇಸ್ ಕೊಡಿ" ಎಂದರೆ "ಕೊಡೋಣ ಕೊಡೋಣ" ಎನ್ನುತ್ತಾರೆ. ಅದು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ನಾನು ಇಡೀ ಆಪರೇಷನ್ ಕೇಳುವುದನ್ನು ಬಿಟ್ಟು ಅದರ ಒಂದು ಹಂತ ಕೇಳತೊಡಗಿದೆ. ಸೊಂಟದ ಮುರಿತವನ್ನೇ ತಗೊಳ್ಳಿ. ಕಾಲನ್ನು ಎಳೆದು ಮುರಿತ ಕೂಡಿಸುವುದು ಒಂದು ಹಂತ. ಸ್ಕ್ರೂಗೆ ದಾರಿ ತೋರಿಸುವ ತೆಳು ತಂತಿ, ಅಂದರೆ ಗೈಡ್ ವೈರ್, ಹಾಕುವುದು ಇನ್ನೊಂದು. ಆ ವೈರ್ ಮೇಲೆ ರಂಧ್ರ ಕೊರೆದು ಸ್ಕ್ರೂ ಹಾಕುವುದು, ಪ್ಲೇಟ್ ಕೂರಿಸುವುದು, ಹೊಲಿಯುವುದು ಆಮೇಲಿನವು. ಇದರಲ್ಲಿ ಆಪರೇಷನ್‌ನ ಜೀವ ಇರುವುದು ಗೈಡ್ ವೈರ್‌ನಲ್ಲಿ. ಎದುರಿನಿಂದ ಮತ್ತು ಪಕ್ಕದಿಂದ ತೆಗೆದ ಎರಡೂ ಎಕ್ಸ್‌ರೇಗಳಲ್ಲಿ ಸ್ಕ್ರೂ ತುದಿಯಿಂದ ಮೂಳೆಯ ತಲೆಯ ತುದಿಗೆ ಇರುವ ದೂರ ಅಳೆದು ಕೂಡಿಸಿದರೆ 25 ಮಿಲಿಮೀಟರ್ ಒಳಗಿರಬೇಕು. ಅದಕ್ಕಿಂತ ಜಾಸ್ತಿಯಾದರೆ ಸ್ಕ್ರೂ ಮೂಳೆಯನ್ನು ಸೀಳಿಕೊಂಡು ಹೊರಬರುವ ಸಾಧ್ಯತೆ ಏರುತ್ತದೆ.

ಹಿಂದಿನ ದಿನ ಸಂಜೆಯೇ ರೋಗಿಯನ್ನು ನೋಡಿ, ಎಕ್ಸ್‌ರೇ ಮೇಲೆ ಅಳತೆ ಹಾಕಿ, ಯಾವ ಕೋನದಲ್ಲಿ ವೈರ್ ಹೋಗಬೇಕು ಅಂತ ಗೆರೆ ಎಳೆದು ಇಟ್ಟುಕೊಂಡೆ. ಬೆಳಿಗ್ಗೆ ಕೈ ತೊಳೆಯುವಾಗ ಹೇಳಿದೆ: "ಸರ್, ನಾಳೆ, ನಾಡಿದ್ದು ಅಲ್ಲ, ಈ ಕೇಸ್‌ನಲ್ಲೇ ಗೈಡ್ ವೈರ್ ನಾನು ಹಾಕಲಾ? ಪ್ಲ್ಯಾನ್ ಮಾಡಿದ್ದೀನಿ. ಮೂರು ಸಲದಲ್ಲಿ ಸರಿಯಾಗಿ ಕೂರದಿದ್ದರೆ ನೀವು ತಗೊಳ್ಳಿ." ಅವರು ಒಂದು ಕ್ಷಣ ನೋಡಿ "ಹಾಕು" ಎಂದರು. ಎರಡನೇ ಸಲಕ್ಕೆ ಕೂತಿತು. ಮುಂದಿನ ವಾರ ಅವರಾಗಿ ಕೇಳಿದರು, "ಇವತ್ತು ವೈರ್ ನೀನು ಹಾಕ್ತೀಯಾ?" ಆರು ತಿಂಗಳಲ್ಲಿ ಚರ್ಮ ಸೀಳುವುದರಿಂದ ಹೊಲಿಯುವವರೆಗೆ ನಾನೇ ಮಾಡುತ್ತಿದ್ದೆ, ಅವರು ಎದುರುಗಡೆ ನಿಲ್ಲುತ್ತಿದ್ದರು.

ಆ ಮಾತಿನಲ್ಲಿ "ಮೂರು ಸಲ ಆಗದಿದ್ದರೆ ನೀವು ತಗೊಳ್ಳಿ" ಅನ್ನುವುದು ಬಹಳ ಮುಖ್ಯ. ರೋಗಿಗೆ ತೊಂದರೆಯಾಗಬಾರದು ಎಂಬ ಭಯ ಒಳ್ಳೆಯ ಗುರುವಿಗೆ ಇದ್ದೇ ಇರುತ್ತದೆ. ಆ ಭಯಕ್ಕೆ ಮೊದಲೇ ಉತ್ತರ ಕೊಟ್ಟರೆ ಅವರಿಗೆ ಒಪ್ಪಲು ದಾರಿ ಸಿಗುತ್ತದೆ.

ಲಾಗ್‌ಬುಕ್ ಅನ್ನು ಮೊದಲ ದಿನದಿಂದ ಬರೆಯಿರಿ. ನೋಡಿದ್ದು, ಅಸಿಸ್ಟ್ ಮಾಡಿದ್ದು, ಸೀನಿಯರ್ ಎದುರಿಗಿದ್ದು ನೀವು ಮಾಡಿದ್ದು, ನೀವೊಬ್ಬರೇ ಮಾಡಿದ್ದು ಅಂತ ಬೇರೆಬೇರೆಯಾಗಿ ಇರಲಿ. ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕಿ ಯೂನಿಟ್ ಮುಖ್ಯಸ್ಥರಿಗೆ ತೋರಿಸಿ. ದೂರು ಅಂತ ಬೇಡ, "ಸರ್, ಮಣಿಕಟ್ಟು ಸಾಕಷ್ಟಾಗಿದೆ, ಸೊಂಟ ಕಡಿಮೆಯಿದೆ" ಅಂತ ಸಾಕು. ಎಷ್ಟೋ ಜನ ಬೇಕೆಂದೇ ತಪ್ಪಿಸುವುದಿಲ್ಲ, ಅವರ ಗಮನಕ್ಕೇ ಬಂದಿರುವುದಿಲ್ಲ. ಅಂಕಿ ಕಣ್ಣಮುಂದೆ ಬಂದಾಗ ಬದಲಾದವರನ್ನು ನಾನು ಕಂಡಿದ್ದೇನೆ. ನಾನೂ ಈಗ ಗುರುವಿನ ಜಾಗದಲ್ಲಿದ್ದೇನೆ. ನನ್ನ ಕೈಕೆಳಗಿನವರ ಲಾಗ್‌ಬುಕ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ನಾನು ಸಹಿ ಹಾಕುವುದಿಲ್ಲ.

ನಿಮಗೆ ಸಲಹೆ ಕೊಟ್ಟ ಸರ್ ಕೆಟ್ಟವರಲ್ಲ ಎಂದಿರಿ, ನಂಬುತ್ತೇನೆ. ಇಂಥ ಕಾಳಜಿಯ ಮಾತುಗಳಿಗೆ ದೊಡ್ಡ ಇತಿಹಾಸವೇ ಇದೆ. ಹುಟ್ಟಿದ ಮಗುವಿನ ಸ್ಥಿತಿ ಅಳೆಯುವ ಅಪ್ಗಾರ್ ಸ್ಕೋರ್ ಕೊಡುವುದನ್ನು ನೀವು ಪ್ರಸೂತಿ ಪೋಸ್ಟಿಂಗ್‌ನಲ್ಲಿ ಕಲಿತಿರುತ್ತೀರಿ. ಅದನ್ನು 1952ರಲ್ಲಿ ರೂಪಿಸಿದ ವರ್ಜೀನಿಯಾ ಅಪ್ಗಾರ್ ಸರ್ಜನ್ ಆಗಬೇಕೆಂದು ಹೊರಟಿದ್ದವರು. ನ್ಯೂಯಾರ್ಕ್‌ನಲ್ಲಿ ಸರ್ಜರಿ ತರಬೇತಿ ಪಡೆಯುತ್ತಿದ್ದಾಗ ವಿಭಾಗದ ಮುಖ್ಯಸ್ಥರೇ ಅವರಿಗೆ ಸರ್ಜರಿ ಬೇಡ, ಅನಸ್ತೇಷಿಯಾ ಹಿಡಿ ಎಂದರು. ಅವರು ಹೋದ ಕಡೆ ಬೆಳಗಿದರು, ಲಕ್ಷಾಂತರ ಮಕ್ಕಳಿಗೆ ಒಳ್ಳೆಯದಾಯಿತು. ಈ ಕಥೆಯನ್ನು ಕೆಲವರು "ನೋಡಿ, ಆಗಿದ್ದೆಲ್ಲ ಒಳ್ಳೆಯದಕ್ಕೇ" ಅಂತ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಪ್ಗಾರ್ ದೊಡ್ಡವರಾದದ್ದು ಅವರ ಶಕ್ತಿಯಿಂದ. ಅದೇ ಮಾತು ಕೇಳಿ ಸರ್ಜರಿ ಬಿಟ್ಟು, ಆಮೇಲೆ ಎಲ್ಲಿಯೂ ಮನಸ್ಸು ನಿಲ್ಲದೆ ಉಳಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲವಲ್ಲ.

ನಮ್ಮದೇ ವಿಭಾಗದಲ್ಲಿ ರುತ್ ಜಾಕ್ಸನ್ ಇದ್ದರು. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ 1933ರಲ್ಲಿ ಶುರುವಾಯಿತು. 1937ರಲ್ಲಿ ಜಾಕ್ಸನ್ ಬೋರ್ಡ್ ಪರೀಕ್ಷೆ ಪಾಸು ಮಾಡಿ ಆ ಅಕಾಡೆಮಿಯ ಮೊದಲ ಮಹಿಳಾ ಸದಸ್ಯೆಯಾದರು. ಅದರ ಅಧ್ಯಕ್ಷರ ಕುರ್ಚಿಯಲ್ಲಿ ಮೊದಲ ಸಲ ಒಬ್ಬ ಹೆಂಗಸು, ಕ್ರಿಸ್ಟಿ ವೆಬರ್, ಕೂತದ್ದು 2019ರಲ್ಲಿ. ನಡುವೆ ಎಂಟು ದಶಕ. ಅದೇ ಅಮೆರಿಕದಲ್ಲಿ ಇವತ್ತು ಮೆಡಿಕಲ್ ಓದುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು. ಮೂಳೆ ಸರ್ಜನ್‌ಗಳಲ್ಲಿ ಮಾತ್ರ ನೂರಕ್ಕೆ ಹತ್ತು ಜನವೂ ಇಲ್ಲ. ಹೃದಯ, ಮೆದುಳು ಅಂತ ಇದಕ್ಕಿಂತ ಕಷ್ಟದ ಕಡೆಗಳಲ್ಲೂ ಹೆಂಗಸರು ಅಂದೇ ಕೆಲಸ ಮಾಡಿ ತೋರಿಸಿದ್ದರು. ನೀನಾ ಬ್ರೌನ್ವಾಲ್ಡ್ 1960ರಲ್ಲಿ ತಾವೇ ರೂಪಿಸಿದ ಕೃತಕ ಮೈಟ್ರಲ್ ಕವಾಟವನ್ನು ರೋಗಿಯ ಹೃದಯಕ್ಕೆ ತಾವೇ ಕೂರಿಸಿದರು. ಮದ್ರಾಸಿನ ಟಿ. ಎಸ್. ಕನಕ 1968ರಲ್ಲಿ ನ್ಯೂರೋಸರ್ಜರಿಯಲ್ಲಿ ಎಂ.ಎಸ್. ಪಡೆದರು.

ಹೆಂಗಸರ ಕೈಯಲ್ಲಿ ಆಪರೇಷನ್ ಮಾಡಿಸಿಕೊಂಡವರ ಗತಿ ಏನಾಯಿತು ಅಂತ ಲೆಕ್ಕ ಹಾಕಿದವರೂ ಇದ್ದಾರೆ. ಕೆನಡಾದ ಒಂಟಾರಿಯೋದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ಹೋಲಿಸಿ ನೋಡಿದ ಅಧ್ಯಯನ 2017ರಲ್ಲಿ ಬಂತು. ಮಹಿಳಾ ಸರ್ಜನ್‌ಗಳ ರೋಗಿಗಳಲ್ಲಿ ಮೂವತ್ತು ದಿನದೊಳಗಿನ ಸಾವು ತುಸು ಕಡಿಮೆ ಇತ್ತು. 2023ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಒಂದು ವರ್ಷದವರೆಗೆ ನೋಡಿದಾಗಲೂ ಅದೇ ಕಂಡಿತು. ವ್ಯತ್ಯಾಸ ಸಣ್ಣದು. ಹೆಂಗಸರೇ ಮೇಲು ಅಂತ ಸಾಧಿಸಲು ನಾನು ಇದನ್ನು ಹೇಳುತ್ತಿಲ್ಲ. "ಹೆಂಗಸರ ಕೈಗೆ ಕೊಟ್ಟರೆ ರೋಗಿಗೆ ಕಷ್ಟ" ಅನ್ನುವ ಮಾತಿಗೆ ಆಧಾರವಿಲ್ಲ ಅಂತ ತಿಳಿಯಲು ಇಷ್ಟು ಸಾಕು.

ರೋಗಿಗಳ ವಿಷಯಕ್ಕೆ ಬಂದರೆ, "ಸಿಸ್ಟರ್, ಡಾಕ್ಟರ್ ಯಾವಾಗ ಬರ್ತಾರೆ?" ಎಂಬ ಪ್ರಶ್ನೆ ನಿಮಗೆ ಬಹಳ ವರ್ಷ ಕೇಳಿಸುತ್ತದೆ. ನೋವಿನಲ್ಲಿರುವವರ ಮೇಲೆ ಸಿಟ್ಟು ಮಾಡಬೇಡಿ. ಹಾಸಿಗೆ ಹತ್ತಿರ ಹೋದ ತಕ್ಷಣ "ನಾನು ಡಾಕ್ಟರ್ ಇಂಥವಳು, ನಿಮ್ಮ ಆಪರೇಷನ್ ಮಾಡೋದು ನಾನೇ" ಅಂತ ಸ್ಪಷ್ಟವಾಗಿ ಹೇಳಿ. ಮಾಡಿದ ಮೇಲೆ ಎಕ್ಸ್‌ರೇ ತೋರಿಸಿ ನೀವೇ ವಿವರಿಸಿ, ಅದನ್ನು ಬೇರೆಯವರಿಗೆ ಬಿಡಬೇಡಿ. ರೋಗಿಗಳಿಗಿಂತ ಸಹೋದ್ಯೋಗಿಗಳ ಕಡೆಯಿಂದ ಬರುವ ಪೆಟ್ಟು ಗಟ್ಟಿ. ಅಮೆರಿಕದ ಒಂದು ಅಧ್ಯಯನ ನನ್ನ ಮನಸ್ಸಿನಿಂದ ಹೋಗಿಲ್ಲ. ರೋಗಿ ಆಪರೇಷನ್ ಆದಮೇಲೆ ತೀರಿಕೊಂಡರೆ, ಕೇಸ್ ಕಳಿಸುತ್ತಿದ್ದ ವೈದ್ಯರು ಗಂಡು ಸರ್ಜನ್‌ಗೆ ತಗ್ಗಿಸಿದ್ದಕ್ಕಿಂತ ಮಹಿಳಾ ಸರ್ಜನ್‌ಗೆ ಕಳಿಸುವುದನ್ನು ಬಹಳ ಜಾಸ್ತಿ ತಗ್ಗಿಸಿದರಂತೆ. ಅದೇ ವಿಭಾಗದ ಬೇರೆ ಮಹಿಳಾ ಸರ್ಜನ್‌ಗಳಿಗೂ ಕಡಿಮೆ ಮಾಡಿದರಂತೆ. ಒಂದು ಕೇಸ್ ಕೆಟ್ಟಾಗ ಮುದುರಿಕೊಳ್ಳಬಾರದು. ಕಳಿಸಿದ ವೈದ್ಯರಿಗೆ ನೀವೇ ಫೋನ್ ಮಾಡಿ. ಏನಾಯಿತು, ಯಾಕಾಯಿತು, ನೀವು ಏನು ಮಾಡಿದಿರಿ ಅಂತ ಹೇಳಿ. ನನ್ನ ಮೊದಲ ಸೋಂಕಿನ ಕೇಸ್ ಆದಾಗ ನಾನು ನಾಚಿಕೆಯಿಂದ ಫೋನ್ ಮಾಡಲಿಲ್ಲ. ಆ ವೈದ್ಯರಿಂದ ಮುಂದೆ ಒಂದು ಕೇಸೂ ಬರಲಿಲ್ಲ.

ಈಗ ಬಸುರು ಮತ್ತು ಎಕ್ಸ್‌ರೇ. ನೀವು ಕೇಳಿದ್ದರಲ್ಲಿ ನಿಜಕ್ಕೂ ಎಚ್ಚರ ಬೇಕಾದದ್ದು ಇಲ್ಲಿ. ಓಟಿಯಲ್ಲಿ ಆಪರೇಷನ್ ನಡುವೆ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರ ಹಾಕಿದಾಗ ನಿಮಗೆ ತಗಲುವುದು ರೋಗಿಯ ಮೈಯಿಂದ ಚದುರಿ ಬರುವ ಕಿರಣ. ದೂರ ಸರಿದಷ್ಟೂ ಬೇಗ ಕಡಿಮೆಯಾಗುತ್ತದೆ. ಒಂದು ಮೀಟರ್ ದೂರದಲ್ಲಿದ್ದವರು ಎರಡು ಮೀಟರ್‌ಗೆ ಸರಿದರೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಎಕ್ಸ್‌ರೇ ಒತ್ತುವ ಮುಂಚೆ ಎರಡು ಹೆಜ್ಜೆ ಹಿಂದೆ ಹೋಗುವುದನ್ನು ಮೊದಲ ದಿನದಿಂದ ಅಭ್ಯಾಸ ಮಾಡಿಕೊಳ್ಳಿ. ಕಿರಣ ಹೊರಡುವ ಟ್ಯೂಬ್ ಟೇಬಲ್ ಕೆಳಗಿರಲಿ. ಪಕ್ಕದಿಂದ ತೆಗೆಯುವಾಗ ಟ್ಯೂಬ್ ಇರುವ ಕಡೆ ನಿಲ್ಲಬೇಡಿ, ಎದುರು ಕಡೆ ನಿಲ್ಲಿ.

ಏಪ್ರನ್ ಬಗ್ಗೆ ಒಂದು ಮಾತು, ಯಾಕಂದ್ರೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ದೊಡ್ಡ ಮೈಯವರಿಗೆ ಹೊಲಿದ ಏಪ್ರನ್ ನೀವು ಹಾಕಿಕೊಂಡರೆ ಕಂಕುಳ ಹತ್ತಿರ ಬಾಯಿ ತೆರೆದುಕೊಂಡಿರುತ್ತದೆ. ಕೈ ಎತ್ತಿ ಕೆಲಸ ಮಾಡುವಾಗ ಸ್ತನದ ಹೊರಗಿನ ಮೇಲ್ಭಾಗಕ್ಕೆ ಮರೆಯೇ ಇರುವುದಿಲ್ಲ. ಸ್ತನ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದೂ ಆ ಭಾಗದಲ್ಲೇ. ಅಮೆರಿಕದ ಮಹಿಳಾ ಮೂಳೆ ಸರ್ಜನ್‌ಗಳಲ್ಲಿ ಸ್ತನ ಕ್ಯಾನ್ಸರ್ ಸಾಮಾನ್ಯ ಹೆಂಗಸರಿಗಿಂತ ಹೆಚ್ಚು ಕಂಡಿದೆ. ಎಕ್ಸ್‌ರೇಯೇ ಅದಕ್ಕೆ ಕಾರಣ ಅಂತ ಸಾಬೀತಾಗಿಲ್ಲ. ಸಾಬೀತಾಗುವವರೆಗೆ ಕಾಯುವುದು ಯಾಕೆ? ನಿಮ್ಮ ಅಳತೆಯ, ಕಂಕುಳ ಮುಚ್ಚುವ, ಚಿಕ್ಕ ತೋಳಿರುವ ಏಪ್ರನ್ ಮಾಡಿಸಿಕೊಳ್ಳಿ. ಮೊದಲ ಸಂಬಳದಲ್ಲಿ ಬೇರೆ ಏನು ತಗೊಳ್ಳದಿದ್ದರೂ ಇದನ್ನು ತಗೊಳ್ಳಿ ಅನ್ನುತ್ತೇನೆ.

ಬಸುರಿ ಅಂತ ಗೊತ್ತಾದ ಕೂಡಲೇ ಆಸ್ಪತ್ರೆಗೆ ತಿಳಿಸಿ. ಹಾಗೆ ತಿಳಿಸಿದ ಮೇಲೆ ಹೆರಿಗೆಯವರೆಗೆ ಹೊಟ್ಟೆಯಲ್ಲಿರುವ ಮಗುವಿಗೆ ಕೆಲಸದಿಂದ ತಗಲುವ ವಿಕಿರಣ ಒಟ್ಟು 1 ಮಿಲಿಸೀವರ್ಟ್ (ವಿಕಿರಣದ ಅಳತೆ) ದಾಟಬಾರದು ಎಂಬುದು ಅಂತಾರಾಷ್ಟ್ರೀಯ ಶಿಫಾರಸು. ಏಪ್ರನ್ ಒಳಗೆ ಹೊಟ್ಟೆಯ ಹತ್ತಿರ ವಿಕಿರಣ ಅಳೆಯುವ ಇನ್ನೊಂದು ಡೋಸಿಮೀಟರ್ ಹಾಕಿಕೊಂಡು ತಿಂಗಳು ತಿಂಗಳು ಓದಿಸಿ. ಏಪ್ರನ್ ಸರಿಯಾಗಿದ್ದು, ಹಿಂದೆ ಸರಿಯುವ ಅಭ್ಯಾಸವಿದ್ದರೆ ಈ ಮಿತಿಯೊಳಗೆ ಇರುವುದು ಕಷ್ಟವಲ್ಲ. ಕೃತಕ ಕೀಲನ್ನು ಮೂಳೆಗೆ ಕೂರಿಸುವ ಬೋನ್ ಸಿಮೆಂಟ್ ಕಲಸುವಾಗ ಹೊಗೆ ಹೊರಬಾರದ ವ್ಯಾಕ್ಯೂಮ್ ಮಿಕ್ಸರ್ ಬಳಸಲು ಹೇಳಿ, ಆ ಹೊತ್ತು ದೂರ ನಿಲ್ಲಿ.

ಎಕ್ಸ್‌ರೇಗಿಂತ ಜಾಸ್ತಿ ನನಗೆ ಚಿಂತೆಯಾಗುವುದು ನಿಂತು ನಿಂತು ಮಾಡುವ ದುಡಿಮೆ. 2021ರಲ್ಲಿ ಅಮೆರಿಕದ ಮಹಿಳಾ ಸರ್ಜನ್‌ಗಳನ್ನು ಕೇಳಿದಾಗ ನೂರಕ್ಕೆ 42 ಜನ ಒಂದಾದರೂ ಗರ್ಭ ಕಳೆದುಕೊಂಡಿದ್ದರು. ಸಾಮಾನ್ಯ ಜನರಲ್ಲಿ ಇರುವುದಕ್ಕಿಂತ ಅದು ಎರಡು ಪಟ್ಟಿಗೂ ಹೆಚ್ಚು. ಕೊನೆಯ ಮೂರು ತಿಂಗಳಲ್ಲಿ ವಾರಕ್ಕೆ 12 ಗಂಟೆ ಅಥವಾ ಹೆಚ್ಚು ಆಪರೇಷನ್ ಮಾಡಿದವರಿಗೆ ತೊಡಕುಗಳೂ ಹೆಚ್ಚಿದ್ದವು. ನಾನು ಮೊದಲ ಗರ್ಭ ಕಳೆದುಕೊಂಡೆ. ಎಂಟನೇ ವಾರ, ರಾತ್ರಿ ಡ್ಯೂಟಿ. ಮರುದಿನ ಬೆಳಿಗ್ಗೆ ಕೇಸ್‌ಗೆ ನಿಂತೆ, ಯಾರಿಗೂ ಹೇಳಲಿಲ್ಲ. "ಇದಕ್ಕೇ ಹೆಂಗಸರು ಬೇಡ ಅನ್ನೋದು" ಅಂದುಬಿಡುತ್ತಾರೆ ಎಂಬ ಹೆದರಿಕೆ. ಆ ಗರ್ಭ ಕೆಲಸದಿಂದಲೇ ಹೋಯಿತು ಅಂತ ಯಾರೂ ಹೇಳಲಾಗದು. ಆದರೆ ಮರುದಿನ ಅಲ್ಲಿ ನಿಲ್ಲಬಾರದಿತ್ತು. ಎರಡನೇ ಸಲ ಮೊದಲೇ ಹೇಳಿದೆ. ಕೊನೆಯ ತಿಂಗಳುಗಳಲ್ಲಿ ರಾತ್ರಿ ಡ್ಯೂಟಿ ಬಿಟ್ಟು ಹೊರರೋಗಿ ವಿಭಾಗ ಜಾಸ್ತಿ ನೋಡಿದೆ. ಮಗಳಿಗೆ ಈಗ ಹದಿನೆಂಟು. ಆ ಕೆಲವು ತಿಂಗಳಿಂದ ನನ್ನ ಕೈಯ ಕೆಲಸ ಏನೂ ಕೆಡಲಿಲ್ಲ.

ಇನ್ನೊಂದು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಯಾರಾದರೂ ಮೈ ಮುಟ್ಟಿದರೆ, ಕೆಟ್ಟ ಮಾತಾಡಿದರೆ ಅದನ್ನು ಕಲಿಕೆಯ ಭಾಗ ಅಂತ ನುಂಗಬೇಡಿ. ಅಂದೇ ತಾರೀಕು, ಹೊತ್ತು, ಜಾಗ, ಯಾರಿದ್ದರು ಎಲ್ಲ ಬರೆದಿಡಿ. ನಂಬುವ ಒಬ್ಬರಿಗೆ ಅವತ್ತೇ ಹೇಳಿ. ದೂರು ಕೊಡುವುದು ಬಿಡುವುದು ಆಮೇಲೆ ನಿರ್ಧರಿಸಬಹುದು, ಬರಹ ಇದ್ದರೆ ದಾರಿ ತೆರೆದಿರುತ್ತದೆ.

ಮುಂದೆ ಉಪವಿಭಾಗ ಆರಿಸುವಾಗ "ಮಕ್ಕಳ ಮೂಳೆ ತಗೋ, ಕೈ ಸರ್ಜರಿ ತಗೋ, ಹೆಣ್ಣುಮಕ್ಕಳಿಗೆ ಚೆನ್ನ" ಎನ್ನುವವರು ಸಿಗುತ್ತಾರೆ. ಎರಡೂ ಒಳ್ಳೆಯ ವಿಭಾಗಗಳು. ಇಷ್ಟವಿದ್ದರೆ ತಗೊಳ್ಳಿ. ಮಂಡಿ ಬದಲಿಸುವುದೋ ಬೆನ್ನುಮೂಳೆಯೋ ನಿಮ್ಮ ಇಷ್ಟವಾಗಿದ್ದರೆ ಅದನ್ನೇ ಹಿಡಿಯಿರಿ. ನಾನು ಮಾಡುವುದು ಸೊಂಟ ಮತ್ತು ಮಂಡಿ ಬದಲಾವಣೆ.

ತರಬೇತಿಗೆ ಜಾಗ ಆರಿಸುವಾಗ ದೊಡ್ಡ ಹೆಸರು ನೋಡಿ ಸುಮ್ನೆ ಅರ್ಜಿ ಹಾಕಬೇಡಿ. ಎರಡು ಮೂರು ವಿಭಾಗಗಳಿಗೆ ಹೋಗಿ ಒಂದೊಂದು ದಿನ ನಿಂತು ನೋಡಿ. ಓಟಿಯಲ್ಲಿ ಚಿಕ್ಕ ಕೈಗೆ ಹೊಂದುವ ಆರು, ಆರೂವರೆ ಸೈಜಿನ ಗ್ಲೌಸ್ ಇದೆಯಾ ಅಂತ ಸಿಸ್ಟರ್ ಹತ್ತಿರ ಕೇಳಿ. ಹಿಂದೆ ಅಲ್ಲಿ ಎಷ್ಟು ಹೆಣ್ಣುಮಕ್ಕಳು ಸೇರಿದರು, ಎಷ್ಟು ಜನ ಮುಗಿಸಿದರು, ಈಗ ಎಲ್ಲಿ ಆಪರೇಷನ್ ಮಾಡುತ್ತಿದ್ದಾರೆ ಅಂತ ವಿಚಾರಿಸಿ. ಅಲ್ಲಿ ಈಗ ಕಲಿಯುತ್ತಿರುವ ಹುಡುಗಿ ಸಿಕ್ಕರೆ, ಸೀನಿಯರ್‌ಗಳು ಇಲ್ಲದ ಹೊತ್ತಿನಲ್ಲಿ, "ನಿಮ್ಮ ಲಾಗ್‌ಬುಕ್ ಒಂದು ಸಲ ತೋರಿಸ್ತೀರಾ?" ಅಂತ ಕೇಳಿ. ಮೂರನೇ ವರ್ಷದವರದ್ದಾದರೆ ಇನ್ನೂ ಒಳ್ಳೆಯದು. ಸೊಂಟದ ಮುರಿತದ ಪುಟ ತೆಗೆಯಿರಿ. ಅಲ್ಲಿ "ನಾನೇ ಮಾಡಿದ್ದು" ಎಂಬ ಸಾಲುಗಳು ಸಾಕಷ್ಟಿದ್ದರೆ, ಮೊದಲ ಅರ್ಜಿ ಅಲ್ಲಿಗೆ ಹಾಕಿ.